ದಾಕ್ಷಿಣ್ಯಕ್ಕೆ ಹೇಳಿದ ಇಪ್ಪತ್ತು

ಕಿವಿಯೊಳಗಿನ ಸದ್ದಿಗಿಂತ ನನಗೆ ಹೆಚ್ಚು ಹೇಸಿಗೆ ಹುಟ್ಟಿಸಿದ್ದು ಆ ಸದ್ದಿನ ಬಗ್ಗೆ ಓದಿದ ಲೇಖನಗಳ ಕೊನೆಯ ಸಾಲು. ಎಲ್ಲಿಂದ ಶುರುವಾದರೂ ಕಡೆಗೆ ಎಲ್ಲವೂ ಒಂದೇ ಮಾತಿಗೆ ಬಂದು ನಿಲ್ಲುತ್ತಿದ್ದವು. ಫಲಿತಾಂಶ ಆಶಾದಾಯಕವಾಗಿದೆಯಂತೆ, ಇನ್ನೂ ಹೆಚ್ಚಿನ ಸಂಶೋಧನೆ ಆಗಬೇಕಂತೆ. ಮೊದಮೊದಲು ಈ ಸಾಲು ಓದಿದಾಗ ಒಂದಿಷ್ಟು ಆಸೆ ಹುಟ್ಟುತ್ತಿತ್ತು. ಐವತ್ತು ಸಲ ಓದಿದ ಮೇಲೆ ಮೈ ಉರಿಯತೊಡಗಿತು.

ನರಸೀಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತನಾಗಿ ನಂಜನಗೂಡಿನ ಮನೆಯಲ್ಲಿ ಕೂತ ವರ್ಷವೇ ನನ್ನ ಎರಡೂ ಕಿವಿ ಕೂಗಲು ಶುರುಮಾಡಿದವು. ಕುಕ್ಕರ್ ಕೂಗಿ ನಿಲ್ಲಬೇಕಾದ ಕಡೆ ನಿಲ್ಲದೆ ಹಾಗೇ ಮುಂದುವರಿದರೆ ಹೇಗಿರುತ್ತದೋ ಹಾಗೆ. ಡಾಕ್ಟರು ಪರೀಕ್ಷೆ ಮಾಡಿ, ವಯಸ್ಸಾಯಿತು, ಎತ್ತರದ ಸ್ವರಗಳು ಕೇಳಿಸುತ್ತಿಲ್ಲ, ಇದಕ್ಕೆ ಔಷಧಿ ಇಲ್ಲ, ಅಭ್ಯಾಸ ಮಾಡಿಕೊಳ್ಳಿ ಎಂದರು. ತಾಂಡವಪುರದಲ್ಲಿರುವ ನನ್ನ ಅಕ್ಕ ಇದನ್ನು ನಂಬಲಿಲ್ಲ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ನನ್ನನ್ನು ಮಗ್ಗುಲಾಗಿ ಮಲಗಿಸಿ ಎರಡೂ ಕಿವಿಗೆ ಬಿಟ್ಟಳು. ಒಂದು ವಾರ ನನ್ನ ತಲೆ ಒಗ್ಗರಣೆ ಬಾಣಲೆಯಂತೆ ನಾರಿತು, ಸದ್ದು ಮಾತ್ರ ಕೂದಲೆಳೆಯಷ್ಟೂ ಕಡಿಮೆಯಾಗಲಿಲ್ಲ. ವಿಜ್ಞಾನದ ಮೇಷ್ಟ್ರಾಗಿದ್ದವನು ಎಣ್ಣೆ ಬಿಡಿಸಿಕೊಳ್ಳಲು ಮಲಗಿದೆನಲ್ಲ ಎಂದು ನನ್ನ ಮೇಲೆ ನನಗೇ ಅಸಹ್ಯವಾಯಿತು.

ಆಮೇಲೆ ಓದಲು ಕೂತೆ. ಕಿವಿಮೊರೆತ ಎಂದು ನಮ್ಮ ಪುಸ್ತಕಗಳು ಕರೆಯುವ ಈ ಕಾಯಿಲೆಯನ್ನು ಹಿಂದೆ ಕಿವಿಯಲ್ಲೇ ಹುಡುಕುತ್ತಿದ್ದರು. ಒಳಗಿವಿಯ ಸಣ್ಣ ಕೂದಲಿನಂಥ ಕೋಶಗಳು ಸತ್ತಿವೆ, ಅಲ್ಲಿಂದ ಸದ್ದು ಬರುತ್ತಿದೆ ಎಂದು. ಈಗ ಹುಡುಕಾಟ ಮಿದುಳಿಗೆ ಹೋಗಿದೆ. ಕಿವಿಯಿಂದ ಬರಬೇಕಾದ ಸ್ವರ ಬಾರದೆ ಇದ್ದಾಗ ಮಿದುಳು ತನ್ನ ವಾಲ್ಯೂಮನ್ನು ತಾನೇ ಏರಿಸಿಕೊಳ್ಳುತ್ತದೆ, ಆಗ ಇಲ್ಲದ ಸದ್ದು ಕೇಳುತ್ತದೆ ಎಂಬುದು ಹಲವರ ವಾದ. ಅದಕ್ಕೆ ತಲೆಯ ಮೇಲೆ ಅಯಸ್ಕಾಂತ ಇಡುತ್ತಾರೆ. ನಾಲಿಗೆಗೆ ಸಣ್ಣ ಕರೆಂಟು ಮುಟ್ಟಿಸುತ್ತಾ ಕಿವಿಗೆ ಸ್ವರ ಕೇಳಿಸುತ್ತಾರೆ. ಫೋನಿನ ಆ್ಯಪ್‌ನಲ್ಲಿ ಸಮುದ್ರ ಮೊರೆಯಿಸುತ್ತಾರೆ. ಇಷ್ಟರಲ್ಲಿ ಒಂದಿಷ್ಟು ಗಟ್ಟಿಯಾಗಿ ನಿಂತಿರುವುದು ಎರಡೇ. ಕಿವಿ ಮಂದವಾದವರಿಗೆ ಶ್ರವಣಯಂತ್ರ ಹಾಕಿದರೆ ಹೊರಗಿನ ಸದ್ದು ಚೆನ್ನಾಗಿ ಕೇಳಿಸಿ ಒಳಗಿನದು ಹಿಂದೆ ಸರಿಯಬಹುದು. ಇನ್ನೊಂದು, ಮನಸ್ಸಿಗೆ ತರಬೇತಿ ಕೊಡುವುದು. ಸದ್ದು ಇರುತ್ತದೆ, ಅದರ ಕಾಟ ಕಡಿಮೆಯಾಗುತ್ತದೆ. ಗಮನ ಕೊಡಬೇಡ, ಅದು ತನ್ನ ಪಾಡಿಗೆ ತಾನಿರಲಿ ಎಂಬುದು ಅದರ ಸಾರ.

ಇಲಿಗಳ ಮೇಲೂ ಪ್ರಯೋಗ ನಡೆಯುತ್ತದೆ. ಇಲಿಗೆ ಕಿವಿ ಕೂಗುತ್ತಿದೆ ಎಂದು ಇವರಿಗೆ ಹೇಗೆ ತಿಳಿಯುತ್ತದೆ ಎಂದು ನನಗೆ ಸೋಜಿಗವಾಗಿತ್ತು. ಇಲಿಗೆ ಒಂದೇ ಸಮನೆ ಸದ್ದು ಕೇಳಿಸುತ್ತಾ ಇದ್ದಕ್ಕಿದ್ದಂತೆ ಢಂ ಎನ್ನಿಸಿದರೆ ಅದು ಬೆಚ್ಚುತ್ತದೆ. ಢಂ ಎನ್ನಿಸುವ ಮುಂಚೆ ಒಂದು ಚಿಟಿಕೆ ಹೊತ್ತು ಸದ್ದು ನಿಲ್ಲಿಸಿದರೆ ಅದು ಎಚ್ಚೆತ್ತುಕೊಂಡು ಕಡಿಮೆ ಬೆಚ್ಚುತ್ತದೆ. ಕಿವಿ ಕೂಗುವ ಇಲಿಗೆ ಆ ನಿಶ್ಶಬ್ದ ತಿಳಿಯುವುದಿಲ್ಲ, ಹಾಗಾಗಿ ಪೂರ್ತಿ ಬೆಚ್ಚುತ್ತದೆ ಎಂದು ಲೆಕ್ಕ. ಇದರ ಮೇಲೂ ಪಂಡಿತರಲ್ಲಿ ಜಗಳ ಇದೆ. ಆದರೂ ಇಲಿ ಮೇಲು ಎಂದು ಈಗ ನನಗೆ ಅನ್ನಿಸುತ್ತದೆ. ಯಾಕೆಂದರೆ ಮನುಷ್ಯನ ಕಿವಿಮೊರೆತವನ್ನು ಅಳೆಯಲು ಇವತ್ತಿಗೂ ಒಪ್ಪುವಂಥ ಯಂತ್ರವಿಲ್ಲ. ಕೇಳಿ ಬರೆದುಕೊಳ್ಳಬೇಕು, ಅಷ್ಟೆ. ಇಲಿಗೆ ದಾಕ್ಷಿಣ್ಯ ಇಲ್ಲ. ನಮ್ಮ ಕಡೆಯ ಜನಕ್ಕೆ ಇದೆ.

ಮೈಸೂರಿನ ಆಸ್ಪತ್ರೆಯೊಂದರಲ್ಲಿ ಕಿವಿ ತೋರಿಸಲು ಸರದಿಯಲ್ಲಿ ಕೂತಿದ್ದಾಗ ಅಲ್ಲಿ ಓದುತ್ತಿದ್ದ ಡಾಕ್ಟರಮ್ಮ ಒಬ್ಬಳ ಪರಿಚಯವಾಯಿತು. ಕಿವಿಮೊರೆತದ ಮೇಲೆಯೇ ಅವಳ ಪ್ರಬಂಧ. ಅವಳು ಕೈಗಿಟ್ಟ ಪ್ರಶ್ನೆಪತ್ರಿಕೆಯ ಕನ್ನಡ ಓದಿ ನನಗೆ ವಾಕರಿಕೆ ಬಂತು. ಸಾಮಾಜಿಕ ಚಟುವಟಿಕೆಗಳಲ್ಲಿ ಮೊರೆತವು ಹಸ್ತಕ್ಷೇಪ ಮಾಡುತ್ತದೆಯೇ ಎಂದು ಗದ್ದೆ ಕೆಲಸದ ಹೆಂಗಸನ್ನು ಕೇಳಬೇಕಂತೆ. ನಾನು ಕೆಂಪು ಪೆನ್ನು ತೆಗೆದು ಅಲ್ಲೇ ತಿದ್ದಿದೆ. ಮದುವೆ ಮನೆಗೆ ಹೋಗಲು ಬೇಜಾರಾಗುತ್ತದೆಯೇ ಎಂದು ಬರೆದೆ. ಅವಳು ನಕ್ಕು, ನಂಜನಗೂಡು, ನರಸೀಪುರ ಕಡೆಯ ರೋಗಿಗಳನ್ನು ನೀವೇ ನೋಡಿಕೊಳ್ಳುತ್ತೀರಾ ಸರ್ ಎಂದಳು. ನಿವೃತ್ತನಾದ ಮೇಲೆ ನನ್ನನ್ನು ಯಾರೂ ಏನೂ ಕೇಳಿರಲಿಲ್ಲ. ಎದೆಯುಬ್ಬಿ ಒಪ್ಪಿಕೊಂಡೆ.

ಅವಳ ಏರ್ಪಾಡು ಸರಳವಾಗಿತ್ತು. ಪ್ರತಿಯೊಬ್ಬರ ಫೋನಿಗೂ ಅವರ ಕಿವಿಗೆ ಹೊಂದುವ ಒಂದು ಸ್ವರದ ಫೈಲು ಹಾಕಿಕೊಡುವುದು. ದಿನಕ್ಕೆ ಎರಡು ಗಂಟೆ, ಮೂರು ತಿಂಗಳು ಕೇಳುವುದು. ಮೊದಲೊಮ್ಮೆ, ಕೊನೆಗೊಮ್ಮೆ ಸದ್ದಿನ ಕಾಟ ನೂರಕ್ಕೆ ಎಷ್ಟು ಎಂದು ಬರೆಯುವುದು. ಇದರಿಂದ ಗುಣ ಕಾಣದವರಿಗೆ ಎರಡನೇ ಹಂತದಲ್ಲಿ ಶ್ರವಣಯಂತ್ರ, ಅದೂ ಪುಕ್ಕಟೆ. ಯಾರೋ ದಾನಿ ಕೊಡಿಸಿದ ಕೆಲವೇ ಯಂತ್ರಗಳಿದ್ದವು. ಅವಳು ಎರಡೆರಡು ಸಲ ಹೇಳಿದ ಕಟ್ಟಳೆ ಒಂದೇ. ಫಾರಂ ಅವರೇ ತುಂಬಬೇಕು, ಓದಲು ಬಾರದವರಿಗೆ ಮನೆಯವರು ಓದಿ ಹೇಳಲಿ, ನೀವು ಪಕ್ಕದಲ್ಲಿ ಕೂರಬೇಡಿ ಸರ್ ಎಂದಿದ್ದಳು. ನಾನು ತಲೆಯಾಡಿಸಿದ್ದೆ.

ತಲೆಯಾಡಿಸಿದವನು ಮೊದಲ ಮನೆಯಲ್ಲೇ ಜಗಲಿಯ ಮೇಲೆ ಕೂತು ಪೆನ್ನು ತೆಗೆದೆ. ಮೂವತ್ತು ವರ್ಷ ಈ ಕಡೆಯ ಮಕ್ಕಳಿಗೆ ಪಾಠ ಹೇಳಿದವನು ಬಾಗಿಲಿಗೆ ಹೋಗಿ ಕಾಗದ ಕೊಟ್ಟು ಹಾಗೇ ಬರಲು ಆಗುತ್ತದೆಯೇ? ಚಾಪೆ ಹಾಸುತ್ತಾರೆ, ಕಾಫಿ ಬರುತ್ತದೆ. ನೀವೇ ಬರ್ಕೊಳಿ ಸಾ ಎನ್ನುತ್ತಾರೆ. ತಗಡೂರಿನ ಯಜಮಾನರೊಬ್ಬರು ತಮ್ಮ ಕಿವಿಗೆ ತೊಂಬತ್ತೈದು ಕೊಟ್ಟರು. ಅಷ್ಟು ಕಾಟವೇ ಎಂದು ಕೇಳಿದರೆ, ಇಲ್ಲ ಇಲ್ಲ, ತಮ್ಮ ವಯಸ್ಸಿಗೆ ಕಿವಿ ಇಷ್ಟು ಕೇಳಿಸುತ್ತಿದೆಯಲ್ಲ, ಅದಕ್ಕೇ ತೊಂಬತ್ತೈದು ಎಂದರು. ನೂರಕ್ಕೆ ಎಷ್ಟು ಎಂದು ಮೇಷ್ಟ್ರು ಕೇಳಿದ ಮೇಲೆ ಅದು ಮಾರ್ಕ್ಸೇ ಆಗಿರಬೇಕು ಎಂದು ಎಲ್ಲರೂ ತಿಳಿದಿದ್ದರು. ನೂರು ಅಂದರೆ ತೀರಾ ಕಾಟ, ಸೊನ್ನೆ ಅಂದರೆ ಕಾಟವೇ ಇಲ್ಲ ಎಂದು ಒಂದೊಂದು ಮನೆಯಲ್ಲೂ ಕೂತು ಬಿಡಿಸಿ ಹೇಳಿದೆ, ಗುಣ ಕಾಣದವರಿಗೆ ಯಂತ್ರ ಸಿಗುತ್ತದೆ ಎಂಬುದನ್ನೂ ತಿಳಿಸಿದೆ. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಜನ ಅಸಡ್ಡೆ ಮಾಡಬಾರದೆಂದು, ಇದು ಒಂದು ಹೆಣ್ಣುಮಗಳ ಪರೀಕ್ಷೆಯ ವಿಷಯ, ನಿಮ್ಮ ಮನೆ ಮಗಳು ಅಂದುಕೊಂಡು ಸಹಕಾರ ಕೊಡಿ ಎಂದೂ ಸೇರಿಸಿದೆ. ಹಾಳು ಬಾಯಿ.

ಇಷ್ಟು ಜನರಲ್ಲಿ ನನ್ನ ಮನಸ್ಸಿಗೆ ಹತ್ತಿರವಾದವನು ನರಸೀಪುರದ ಒಂದು ರೈಸ್ ಮಿಲ್ಲಿನ ಆಪರೇಟರ್. ಅವನ ಮಗಳು ನನ್ನ ವಿದ್ಯಾರ್ಥಿನಿಯಾಗಿದ್ದಳು. ಐವತ್ತರ ಆಸುಪಾಸಿನ ಮನುಷ್ಯ, ಇಪ್ಪತ್ತೈದು ವರ್ಷದಿಂದ ಅದೇ ಮಿಷನ್ನುಗಳ ನಡುವೆ ಇದ್ದವನು. ಮಿಲ್ಲಿನಲ್ಲಿ ಅವನು ಕಣ್ಣಿಗಿಂತ ಕಿವಿಯನ್ನೇ ಹೆಚ್ಚು ನಂಬಿದ್ದ. ಹೊಟ್ಟು ಸುಲಿಯುವ ರಬ್ಬರ್ ರೋಲು ಸವೆದಿದೆಯೇ, ಭತ್ತ ಮೇಲಕ್ಕೆತ್ತುವ ಎಲಿವೇಟರಿನ ಬೆಲ್ಟು ಒಂದು ಕಡೆಗೆ ವಾಲುತ್ತಿದೆಯೇ, ಎಲ್ಲವನ್ನೂ ಬಾಗಿಲಲ್ಲಿ ನಿಂತು ಹೇಳಿಬಿಡುತ್ತಿದ್ದನಂತೆ. ಆ ಗದ್ದಲವೇ ಅವನ ಕಿವಿಯನ್ನು ತಿಂದಿತ್ತು. ಈಗ ಎರಡೂ ಕಿವಿಯಲ್ಲಿ ಸದಾ ಕೂಗು, ಆ ಕೂಗಿನ ಮರೆಯಲ್ಲಿ ಮಿಷನ್ನಿನ ಮಾತು ಅವನಿಗೆ ಸರಿಯಾಗಿ ತಿಳಿಯುತ್ತಿರಲಿಲ್ಲ. ಮಾಲೀಕ ಕೆಟ್ಟವನಲ್ಲ. ಆದರೂ ಸುಗ್ಗಿಯ ಭತ್ತ ಬರುವುದರೊಳಗೆ ಕಿವಿ ಸರಿಮಾಡಿಸಿಕೋ, ಇಲ್ಲದಿದ್ದರೆ ಮಿಷನ್ನಿಗೆ ಬೇರೆಯವನನ್ನು ಹಾಕಬೇಕಾಗುತ್ತದೆ ಎಂದು ಹೇಳಿಯಾಗಿತ್ತು.

ಮೊದಲ ಸಲ ಅವನು ಎಂಬತ್ತೈದು ಎಂದ. ಕಾಟದ ಬಗ್ಗೆ ಕೇಳಿದ ಪ್ರಶ್ನೆಗಳಿಗೆಲ್ಲ ನೆಟ್ಟಗೆ ಉತ್ತರ ಕೊಟ್ಟ. ನನಗೆ ಉಪದೇಶದ ಉಮೇದು ಬಂತು. ಓದಿದ್ದನ್ನೆಲ್ಲ ಅವನ ಮುಂದೆ ಸುರಿದೆ. ಕೂಗು ಕಿವಿಯದಲ್ಲ, ಮಿದುಳಿನದು, ಅದು ಸುಳ್ಳು ಸದ್ದು, ಅದರ ಹಿಂದೆ ಹೋದಷ್ಟೂ ಅದು ಬಲಿಯುತ್ತದೆ, ಗಮನ ಕೊಡದೆ ಬಿಟ್ಟುಬಿಡಿ ಎಂದೆ. ಅವನು ಕೈಕಟ್ಟಿ ಕೇಳಿಸಿಕೊಂಡ. ತರಗತಿಯಲ್ಲಿ ಕೂಡ ನನ್ನ ಪಾಠವನ್ನು ಯಾರೂ ಅಷ್ಟು ಶ್ರದ್ಧೆಯಿಂದ ಕೇಳಿರಲಿಲ್ಲ.

ಮೂರು ತಿಂಗಳು ಕಳೆದು ಕೊನೆಯ ಫಾರಂ ಹಿಡಿದು ಹೋದೆ. ಒಂದೊಂದೇ ಮನೆಯಲ್ಲಿ ಅಂಕಿ ಇಳಿಯುತ್ತಾ ಬಂತು. ಅರವತ್ತು ಅಂದವರು ಇಪ್ಪತ್ತೈದು ಅಂದರು, ಎಪ್ಪತ್ತು ಅಂದವರು ಮೂವತ್ತು. ಯಾರೂ ಬಾಯಿಬಿಟ್ಟು ಗುಣವಾಗಿಲ್ಲ ಎನ್ನಲಿಲ್ಲ. ಪರವಾಗಿಲ್ಲ ಸಾ, ನಿಮ್ಮ ಆಶೀರ್ವಾದ ಎನ್ನುವರು. ಉಪ್ಪಿಲ್ಲದ ಸಾರನ್ನೂ ಬಡಿಸಿದವರ ಎದುರು ಚೆನ್ನಾಗಿದೆ ಎಂದು ಉಣ್ಣುವ ಜನ ನಾವು. ಮನೆಗೆ ಬಂದ ಮೇಷ್ಟ್ರ ಮುಖಕ್ಕೆ ಹೊಡೆದ ಹಾಗೆ, ನೀವು ಕೊಟ್ಟದ್ದು ಕೆಲಸಕ್ಕೆ ಬರಲಿಲ್ಲ ಎಂದು ಹೇಗೆ ಹೇಳುತ್ತಾರೆ? ನನಗಿದು ಗೊತ್ತಿರಲಿಲ್ಲವೆಂದಲ್ಲ. ಹುಟ್ಟಿದಾಗಿನಿಂದ ಗೊತ್ತು. ಆದರೆ ಅಂಕಿ ಇಳಿಯುವುದನ್ನು ನೋಡುತ್ತಾ ನನಗೆ ಖುಷಿಯಾಗುತ್ತಿತ್ತು, ಸುಳ್ಳೇಕೆ ಹೇಳಲಿ. ಡಾಕ್ಟರಮ್ಮನಿಗೆ ಫೋನು ಮಾಡಿ ನಮ್ಮ ಕಡೆಯ ರಿಸಲ್ಟು ಬಹಳ ಚೆನ್ನಾಗಿದೆ ಎಂದು ಹೇಳಿಯೂ ಬಿಟ್ಟಿದ್ದೆ.

ಆಪರೇಟರ್ ಮನೆಯಲ್ಲಿ ಅವನು ಕಾಫಿ ಲೋಟ ನನ್ನ ಕೈಗೆ ಕೊಟ್ಟು ಎದುರಿಗೆ ಕೂತ. ಎಷ್ಟು ಎಂದೆ.

"ಇಪ್ಪತ್ತು ಆಕ್ಕೊಳಿ ಸಾ."

ಒಳಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಅವನನ್ನೇ ನೋಡಿದಳು. ನಾನು ಇಪ್ಪತ್ತು ಬರೆದೆ.

ಬಸ್ ನಿಲ್ದಾಣದಲ್ಲಿ ನಂಜನಗೂಡಿನ ಬಸ್ಸಿಗೆ ಕಾಯುತ್ತಿದ್ದೆ. ತಲಕಾಡಿನಿಂದ ಬಂದ ಬಸ್ಸು ಯಾತ್ರಿಕರನ್ನು ಇಳಿಸಿ ಹೋದ ಮೇಲೆ ನೋಡಿದರೆ ಆ ಹೆಂಗಸು ಸೆರಗು ಹೊದ್ದು ನನ್ನ ಕಡೆಗೇ ಬರುತ್ತಿದ್ದಳು. ಮನೆಯಿಂದ ಬಿರುಸಾಗಿ ನಡೆದು ಬಂದಿದ್ದರಿಂದ ಏದುತ್ತಿದ್ದಳು.

"ಕಮ್ಮಿ ಆಗಿಲ್ಲ ಸಾ. ಒಂಚೂರೂ ಆಗಿಲ್ಲ. ಆ ಡಾಕ್ಟ್ರು ಮಗೀನ್ ಪರೀಕ್ಷೆ ಕೆಡಬಾರ್ದು ಅಂತ ಅಂಗಂದ್ರು. ನೀವ್ ಸರಿಯಾಗ್ ಬರ್ಕೊಳಿ, ಆ ಮಿಷನ್ ನಮಗ್ ಬೇಕು."

ಅವಳು ಕಿವಿಗೆ ಹಾಕುವ ಮಿಷನ್ನನ್ನು ಹೇಳುತ್ತಿದ್ದಳು. ಫಾರಂ ನನ್ನ ಚೀಲದಲ್ಲೇ ಇತ್ತು. ಪೆನ್ನು ಜೇಬಿನಲ್ಲಿತ್ತು. ಇಪ್ಪತ್ತನ್ನು ಹೊಡೆದು ಹಾಕಿ, ಅವಳ ಜೊತೆ ಮನೆಗೆ ವಾಪಸು ಹೋಗಿ, ಅವನನ್ನು ಒಬ್ಬನೇ ಕೂರಿಸಿ ಇನ್ನೊಂದು ಫಾರಂ ತುಂಬಿಸಿದ್ದರೆ ಅರ್ಧ ಗಂಟೆಯ ಕೆಲಸ. ನಾನು ಏನು ಮಾಡಿದೆ ಗೊತ್ತೇ? ರೋಗಿ ಹೇಳಿದ್ದನ್ನೇ ಬರೆಯಬೇಕಮ್ಮ, ಬೇರೆಯವರು ಹೇಳಿದ್ದನ್ನು ಬರೆಯುವ ಹಾಗಿಲ್ಲ, ಅದು ನಿಯಮ ಎಂದೆ. ಅಷ್ಟೂ ಮನೆಗಳಲ್ಲಿ ನಿಯಮ ಮುರಿದು ಪಕ್ಕದಲ್ಲಿ ಕೂತವನಿಗೆ ಆ ಕ್ಷಣಕ್ಕೆ ನಿಯಮ ನೆನಪಾಯಿತು. ಒಂದು ಅಂಕಿ ಬದಲಾದರೆ ಉಳಿದವುಗಳ ಬಗ್ಗೆಯೂ ಯೋಚಿಸಬೇಕಾಗುತ್ತಿತ್ತು. ಅದು ನನಗೆ ಬೇಕಾಗಿರಲಿಲ್ಲ. ಅವಳು ಬಂದ ದಾರಿಯಲ್ಲೇ ಹಿಂದಿರುಗಿದಳು. ಬಸ್ಸು ಬಂತು, ಕಿಟಕಿ ಪಕ್ಕದ ಸೀಟು ಹಿಡಿದು ಕೂತೆ. ಇವತ್ತಿಗೂ ಆ ಸೀಟು ನೆನೆದರೆ ಬಾಯೆಲ್ಲ ಕಹಿಯಾಗುತ್ತದೆ.

ಶ್ರವಣಯಂತ್ರದ ಪಟ್ಟಿ ಬಂದಾಗ ನಮ್ಮ ಎರಡು ತಾಲ್ಲೂಕಿನಿಂದ ಒಬ್ಬರ ಹೆಸರೂ ಇರಲಿಲ್ಲ. ಇರುವುದು ಹೇಗೆ? ನನ್ನ ಪ್ರಕಾರ ಎಲ್ಲರೂ ಗುಣವಾಗಿದ್ದರು. ಯಂತ್ರಗಳೆಲ್ಲ ಬೇರೆ ಕಡೆಯವರಿಗೆ ಹೋದವು. ಅಲ್ಲಿ ಫಾರಂ ಹಿಡಿದು ಹೋಗಿದ್ದವರು ಕಾಗದ ಕೊಟ್ಟು ದೂರ ನಿಂತಿರಬೇಕು.

ಸುಗ್ಗಿ ಬಂತು. ಮಿಲ್ಲಿನಲ್ಲಿ ಭತ್ತದ ಲಾರಿಗಳು ಸಾಲುಗಟ್ಟಿದ್ದ ವಾರದಲ್ಲೇ ಎಲಿವೇಟರಿನ ಬೇರಿಂಗು ಗ್ರೀಸಿಲ್ಲದೆ ಒಣಗಿ, ಕಾದು, ಬೆಲ್ಟು ಸುಟ್ಟುಹೋಯಿತು. ಯಾರಿಗೂ ಪೆಟ್ಟಾಗಲಿಲ್ಲ. ನಾಲ್ಕು ದಿನ ಮಿಲ್ಲು ನಿಂತಿತು. ಐದನೇ ದಿನ ಮಿಷನ್ನಿನ ಹತ್ತಿರ ಹೊಸಬನೊಬ್ಬ ನಿಂತಿದ್ದ. ನಮ್ಮವನನ್ನು ಹೊರಗೆ ಕಣದಲ್ಲಿ ಬೇಯಿಸಿದ ಭತ್ತ ಹರವುವ ಕೆಲಸಕ್ಕೆ ಹಾಕಿದರು. ಸುದ್ದಿ ಅವನ ಮಗಳಿಂದ ಫೋನಿನಲ್ಲಿ ತಿಳಿಯಿತು. ಅವಳು ನನ್ನನ್ನು ದೂರಲಿಲ್ಲ. ಸುಮ್ಮನೆ ತಿಳಿಸೋಣ ಅಂತ ಮಾಡಿದೆ ಸಾರ್ ಎಂದಳು.

ಮಾರನೆಯ ದಿನವೇ ಮೈಸೂರಿಗೆ ಹೋಗಿ ಡಾಕ್ಟರಮ್ಮನ ಮುಂದೆ ಎಲ್ಲವನ್ನೂ ಒಪ್ಪಿಕೊಂಡೆ. ಅಂಕಿ ತಿದ್ದಿ, ಅವನಿಗೊಂದು ಯಂತ್ರ ಕೊಡಿಸಿ ಎಂದು ಬೇಡಿದೆ. ಅವಳ ಮುಖ ಕಪ್ಪಿಟ್ಟಿತು. ಕೊಡಲು ಯಂತ್ರ ಉಳಿದಿರಲಿಲ್ಲ. ಫಲಿತಾಂಶ ತೆರೆದು ನೋಡಿದ ಮೇಲೆ ಒಂದು ಅಂಕಿ ಮುಟ್ಟಿದರೂ ಅದು ಮೋಸವಾಗುತ್ತದೆ, ಹಾಗಾಗಿ ನೀವು ತಂದ ಫಾರಂಗಳನ್ನೆಲ್ಲ ಪ್ರಬಂಧದಿಂದ ತೆಗೆದುಹಾಕುತ್ತೇನೆ, ಯಾಕೆ ತೆಗೆದೆ ಎಂಬುದನ್ನೂ ಬರೆಯುತ್ತೇನೆ ಎಂದಳು. ಅವಳ ಒಂದು ವರ್ಷದ ಕೆಲಸ ಅದು. ಪಕ್ಕದಲ್ಲಿ ಕೂರಬೇಡಿ ಅಂತ ಹೇಳಿದ್ದೆನಲ್ಲ ಸರ್ ಎಂದು ಮೆಲ್ಲಗೆ ಕೇಳಿದಳು. ಬೈದಿದ್ದರೆ ಚೆನ್ನಾಗಿತ್ತು. ಕಿವಿಮೊರೆತದ ಲೇಖನಗಳ ಕೊನೆಯ ಸಾಲನ್ನು ನೋಡಿ ಮೂಗು ಮುರಿಯುತ್ತಿದ್ದವನು ನಾನು. ಗೊತ್ತಿಲ್ಲ, ಇನ್ನೂ ನೋಡಬೇಕು ಎಂದು ಬರೆದವರು ಕನಿಷ್ಠಪಕ್ಷ ಸುಳ್ಳು ಹೇಳುತ್ತಿರಲಿಲ್ಲ.

ಅಲ್ಲಿಂದ ನೇರವಾಗಿ ನರಸೀಪುರಕ್ಕೆ ಹೋದೆ. ಮಿಲ್ಲಿನ ಹಿಂದಿನ ಸಿಮೆಂಟು ಕಣದಲ್ಲಿ ಬೇಯಿಸಿದ ಭತ್ತದ ಹಬೆ ಏಳುತ್ತಿತ್ತು, ಅದರ ಹುಳಿ ವಾಸನೆ ಗಂಟಲಿಗೆ ಹತ್ತುತ್ತಿತ್ತು. ಅವನು ತಲೆಗೆ ಟವಲ್ ಸುತ್ತಿಕೊಂಡು ಬರಿಗಾಲಲ್ಲಿ ಭತ್ತವನ್ನು ಗೀರುತ್ತಾ ನಡೆಯುತ್ತಿದ್ದ. ನನ್ನನ್ನು ಕಂಡು ಕೈಯಲ್ಲಿದ್ದ ಭತ್ತ ಎಳೆಯುವ ಹಲಗೆ ಬಿಟ್ಟು, ಕೂರಲು ನೆರಳಲ್ಲಿ ಗೋಣಿಚೀಲ ಹಾಸಿದ. ಆಗಲೂ ಉಪಚಾರವೇ. ನಾನು ಕೂರಲಿಲ್ಲ. ಅವನ ಹೆಂಡತಿ ಬಸ್ ನಿಲ್ದಾಣಕ್ಕೆ ಬಂದದ್ದು, ನಾನು ತಿದ್ದದೆ ಹೋದದ್ದು, ಅದರಿಂದ ಯಂತ್ರ ತಪ್ಪಿದ್ದು, ಎಲ್ಲ ಹೇಳಿದೆ. ಇಪ್ಪತ್ತು ಅಂತ ಹೇಳಿದ್ದು ನೀವಾದರೂ ತಪ್ಪು ನನ್ನದು ಎಂದೆ.

ಅವನಿಗೆ ಕೋಪ ಬರಲಿಲ್ಲ. ಸಿಟ್ಟು ಮಾಡಲಿ, ಎರಡು ಮಾತು ಬಯ್ಯಲಿ ಎಂದು ಕಾದೆ. ಅವನು ಡಾಕ್ಟರಮ್ಮನ ಪರೀಕ್ಷೆ ಏನಾಯಿತು ಎಂದು ಕೇಳಿದ. ತೊಂದರೆ ಇಲ್ಲ ಎಂದೆ. ದಾಕ್ಷಿಣ್ಯ ನನ್ನನ್ನೂ ಬಿಟ್ಟಿರಲಿಲ್ಲ. ಶ್ರವಣಯಂತ್ರ ಇದ್ದಿದ್ದರೆ ಬೇರಿಂಗಿನ ಸದ್ದು ನಿಮಗೆ ಕೇಳಿಸುತ್ತಿತ್ತು, ಕೆಲಸ ಉಳಿಯುತ್ತಿತ್ತು ಎಂದು ಮತ್ತೆ ನನ್ನ ತಪ್ಪನ್ನೇ ಹೇಳತೊಡಗಿದೆ. ಅವನು ಅಲ್ಲವೆಂದು ತಲೆಯಾಡಿಸಿದ.

"ಮೊದ್ಮೊದ್ಲು ಕಿವೀಲಿ ಕೂಗ್ದಾಗೆಲ್ಲ ಎದ್ದೋಗಿ ಬೇರಿಂಗ್ ಮುಟ್ಟಿ ನೋಡ್ತಿದ್ದೆ ಸಾ. ಒಣಗಿದ್ ಬೇರಿಂಗೂ ಅಂಗೇ ಕೂಗದು, ನನ್ ಕಿವೀನೂ ಅಂಗೇ ಕೂಗದು. ದಿನಕ್ಕ್ ಅತ್ತು ಸಲ ಏಣಿ ಅತ್ತದು, ಇಳಿಯದು. ಆಮೇಲ್ ನೀವ್ ಬಂದು, ಅದು ಸುಳ್ ಸದ್ದು, ಅದ್ರ ಇಂದೆ ಓಗ್ಬೇಡಿ ಅಂತ ಅಂದ್ರಿ."

ಅಂದಿದ್ದೆ.

"ಅವತ್ತೂ ಕೂಗ್ತು. ಕೇಳುಸ್ನಿಲ್ಲ ಅಂತ ಅಲ್ಲ ಸಾ, ಕೇಳುಸ್ತು," ಎಂದ ಅವನು. "ನೀವ್ ಏಳಿದ್ರಲ್ಲ ಅಂತ ಎದ್ದೋಗ್ದೆ ಕೂತೇ ಇದ್ದೆ."